ಕೆರೆಯ ನೀರು ಯಾರದು?

ತನ್ನ ಹೊಲದಲ್ಲಿ ಬೆಳೆದದ್ದನ್ನು ತನ್ನ ಕೈಯಿಂದಲೇ ಹಸನುಮಾಡುವವನು ಯಾರಿಗಾದರೂ ಅನ್ಯಾಯಮಾಡುವನೋ? ಇಲ್ಲವೆಂದು ನಾವು ಕೂಡಲೇ ಹೇಳುವೆವು. ಆದರೆ ನಮ್ಮ ಧಾನ್ಯವನ್ನು ತುಂಬುವ ಗೋಣಿಚೀಲದ ನಾರು ಎಲ್ಲಿಂದ ಬರುವದೆಂದು ವಿಚಾರಿಸಿದರೆ, ಈ ಉತ್ತರವು ಅಷ್ಟು ಸುಲಭವಲ್ಲವೆಂದು ಕಂಡುಬರುವದು.

ಆ ನಾರನ್ನು ಕೊಡುವ ಸೆಣಬು ವಿಶೇಷವಾಗಿ ಬಂಗಾಳದ ಬೆಳೆ. ಬಿತ್ತಿ ಸುಮಾರು 4 ತಿಂಗಳಾದ ಮೇಲೆ ಅಲ್ಲಿಯ ಒಕ್ಕಲಿಗರು ಆಳೆತ್ತರವನ್ನು ಮೀರಿದ ದಂಟುಗಳನ್ನು ಕೊಯ್ದು, ಕಟ್ಟುಗಳಾಗಿ ಕಟ್ಟಿ, ಕೆರೆ ಹಳ್ಳಗಳಲ್ಲಿ ಮುಳುಗಿಸಿ, ಮೇಲೆ ಭಾರವನ್ನಿಡುತ್ತಾರೆ. ನಾರನ್ನು ಕಡ್ಡಿಗೆ ಹಿಡಿದಿರುವ ಅಂಟನ್ನು ಕಣ್ಣಿಗೆ ಕಾಣದ ಜೀವಾಣುಗಳು ಕರಗಿಸುತ್ತವೆ. ಇದಕ್ಕೆ ಸಾಧಾರಣವಾಗಿ 10ರಿಂದ 20 ದಿನ ಹಿಡಿಯುವದು. ಬೇಗನೆ ತೆಗೆದರೆ ನಾರು ಕಡ್ಡಿಯನ್ನು ಬಿಡದು; ತಡವಾದರೆ ನಾರೇ ಕೊಳೆತು ಬಲಗುಂದುವದು. ಆದದರಿಂದ ಒಕ್ಕಲಿಗನು ಆಗಾಗ ಒಂದೆರಡು ದಂಟುಗಳನ್ನು ಸುಲಿದು ನೋಡುತ್ತಾನೆ. ಹದವಾದಾಗ ಸೊಂಟದ ವರೆಗೆ ನೀರಿನಲ್ಲಿ ನಿಂತು ನಾರನ್ನು ಬಿಡಿಸಿ ತೊಳೆಯುತ್ತಾನೆ.

ನಾರು ಅವನ ಮನೆಗೆ ಹೋಗುವದು. ನೀರಾದರೋ ಊರಿಗೆ ಉಳಿಯುವದು. ಕೊಳೆಯುವ ದಂಟು ನೀರಿನೊಳಗಿನ ಪ್ರಾಣವಾಯುವನ್ನು ತೀರಿಸಿಬಿಡುವದರಿಂದ ನೀರು ಕಪ್ಪಾಗಿ ದುರ್ವಾಸನೆ ಬೀರುವದು, ಮೀನು ಸಾಯುವದು. ಇದು ಹಳೆಯ ವ್ಯಾಜ್ಯವೇ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ ಅರಸನ ಆಳಿಕೆಯಲ್ಲಿ, 1541ರ ಒಂದು ಶಾಸನವು ದನಗಳು ನೀರು ಕುಡಿಯುವ ಹೊಳೆ ಕೊಳಗಳಲ್ಲಿ ಅಗಸೆಯ ದಂಟನ್ನೂ ಭಂಗಿಯ ದಂಟನ್ನೂ ನೆನೆಹಾಕಬಾರದೆಂದು ವಿಧಿಸಿತು.

ಹಾಗಾದರೆ ಒಕ್ಕಲಿಗನು ದೋಷಿಯೋ? ಬೇರೆ ನೀರಿಲ್ಲದ ಬಡವನಿಗೆ ನೆನೆಹಾಕಬೇಡವೆಂದು ಹೇಳುವದು ಉಣ್ಣಬೇಡವೆಂದು ಹೇಳಿದಂತೆಯೇ ಸರಿ. ಆದರೂ ಅವನ ಬಡತನವು ನೆರೆಯವನ ಬಾಯಾರಿಕೆಯನ್ನು ತೀರಿಸದು. ಅಗತ್ಯವು ಹಾನಿಯನ್ನು ಅಳಿಸದು. ಹಾನಿಯು ಅಗತ್ಯವನ್ನು ಅಳಿಸದು. ಎರಡನ್ನೂ ಯಾರಾದರೂ ಹೊರಲೇಬೇಕು.

ಉಪಾಯಗಳು ಇಲ್ಲವೆಂದಲ್ಲ. ಕುಡಿಯುವ ಕೆರೆಯನ್ನು ಬಿಟ್ಟು ಪ್ರತ್ಯೇಕವಾದ ಗುಂಡಿಯನ್ನು ತೋಡಬಹುದು. ಹಸಿ ದಂಟಿನ ತೊಗಟೆಯನ್ನು ಮೊದಲೇ ಸುಲಿದು ಅದನ್ನು ಮಾತ್ರ ನೆನೆಯಿಟ್ಟರೆ ಸ್ವಲ್ಪ ನೀರು ಸಾಕು. ಬ್ಯಾರಕ್‌ಪುರದ ಸೆಣಬಿನ ಸಂಶೋಧನಾಲಯದವರು ಕೊಳೆಯುವ ದಿನಗಳನ್ನು ಕಡಿಮೆಮಾಡುವ ಜೀವಾಣುಗಳ ಪುಡಿಯನ್ನು ಸಿದ್ಧಪಡಿಸಿದ್ದಾರೆ. ಆದರೆ ಗುಂಡಿಗೆ ಸ್ಥಳ ಬೇಕು, ಸುಲಿಯಲಿಕ್ಕೆ ಆಳು ಬೇಕು, ಪುಡಿಗೆ ಹಣ ಬೇಕು. ಈ ಭಾರವನ್ನೆಲ್ಲಾ ನೀರಿನಲ್ಲಿ ನಿಂತವನ ಹೆಗಲ ಮೇಲೆಯೇ ಹೊರಿಸಿ, ನಾವು ಅಗ್ಗದ ಚೀಲಕ್ಕಾಗಿ ಚೌಕಾಸಿಮಾಡುವದು ನ್ಯಾಯವೋ? ಊರವರು ಸ್ಥಳವನ್ನು ಬಿಟ್ಟುಕೊಡಲಿ, ಕೊಳ್ಳುವವರು ತಕ್ಕ ಬೆಲೆಯನ್ನು ಕೊಡಲಿ, ಆ ಮೇಲೆ ಒಕ್ಕಲಿಗನು ಕೆರೆಯನ್ನು ಕೆಡಿಸದೆ ಇರಲಿ. ಲಾಭದಲ್ಲಿ ಪಾಲುಳ್ಳವರೆಲ್ಲರಿಗೂ ಕೊಳೆಯಲ್ಲಿಯೂ ಪಾಲುಂಟು.

ಪ್ರಿಯ ವಾಚಕರೇ, ಸೆಣಬನ್ನು ಬೆಳೆಯದ ನಾವೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರೆವು. ನಮ್ಮ ಕಸುಬಿನಲ್ಲಿ ನಾರು ಯಾರ ಮನೆಗೆ, ಕೊಳೆ ಯಾರ ಬಾಗಲಿಗೆ ಹೋಗುತ್ತದೆಂದು ಒಬ್ಬೊಬ್ಬನು ತನ್ನನ್ನೇ ಕೇಳಿಕೊಳ್ಳಲಿ.