ಸಾಲದ ವಾಹನವೂ ಪರಿಗ್ರಹ ಪರಿಮಾಣವ್ರತವೂ

ಸಾಲ ಮಾಡಿ ಕೊಂಡ ವಸ್ತು ಪರಿಗ್ರಹದ ಲೆಕ್ಕಕ್ಕೆ ಸೇರುವುದೋ ಇಲ್ಲವೋ? ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯ ಧರ್ಮದ ದಿನ, ತದಡಿಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿರುವ ಶ್ರಾವಕರೊಬ್ಬರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಪ್ರಶ್ನೆ ಶಾಸ್ತ್ರದ್ದೆಂದು ತೋರಿದರೂ ಅದರ ಹಿಂದೆ ಒಂದು ಸಂಸಾರದ ಇಕ್ಕಟ್ಟು ಇತ್ತು.

ಅವರು ಬಹಳ ವರ್ಷಗಳ ಹಿಂದೆ ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣವ್ರತವನ್ನು ಸ್ವೀಕರಿಸಿದವರು. ಹೊಲ, ಮನೆ, ಚಿನ್ನ, ಹಣ ಇವುಗಳಿಗೆ ಮಿತಿಯಿಟ್ಟಂತೆ ವಾಹನಕ್ಕೂ ಮಿತಿಯಿಟ್ಟಿದ್ದರು: ಒಂದೇ ಒಂದು. ಆ ಒಂದು ಸ್ಕೂಟರು ಇಂದಿಗೂ ಅಂಗಳದಲ್ಲಿದೆ. ಮನೆಯಲ್ಲಿ ಎಂಬತ್ತು ದಾಟಿದ ತಾಯಿ. ಆಕೆಯನ್ನು ಆಗಾಗ ಮಣಿಪಾಲಕ್ಕೆ ಚಿಕಿತ್ಸೆಗೆ ಕರೆದೊಯ್ಯಬೇಕು. ಸೋಂದೆಯ ಮಠ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಹೊಂಬುಜ ಇವುಗಳನ್ನು ಇನ್ನೊಮ್ಮೆ ಕಾಣಬೇಕೆಂಬುದು ಆಕೆಯ ಬಯಕೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ಹೊಸ ಹೈಬ್ರಿಡ್ ಕಾರೊಂದನ್ನು ಕೊಂಡು ಊರಿನ ಮನೆಯಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸಿದ್ದಾನೆ. ಕೈಯಲ್ಲಿರುವ ಹಣ ಮುಂಗಡಕ್ಕೆ; ಉಳಿದ ಹತ್ತು ಲಕ್ಷ ಏಳು ವರ್ಷದ ಸಾಲ. ಬ್ಯಾಂಕು ತಂದೆಯ ಜಾಮೀನು ಕೇಳಿದೆ.

“ಅಪ್ಪಾ, ಗಾಡಿ ನನ್ನ ಹೆಸರಿನಲ್ಲಿರುತ್ತದೆ. ಸಾಲ ತೀರುವವರೆಗೆ ಅದು ಬ್ಯಾಂಕಿನದೇ. ಪೆಟ್ರೋಲು ಕಡಿಮೆ ಸುಡುವುದರಿಂದ ಹಿಂಸೆಯೂ ಕಡಿಮೆ. ನಿಮ್ಮ ವ್ರತಕ್ಕೆ ಭಂಗ ಎಲ್ಲಿ ಬಂತು?” ಎಂದು ಮಗ ಕೇಳಿದನಂತೆ. ತಂದೆ ಉತ್ತರಿಸಲಾರದೆ, ಸಹಿಯನ್ನೂ ಮಾಡಲಾರದೆ ಕಾಗದವನ್ನು ಹಾಗೆಯೇ ಇಟ್ಟುಕೊಂಡಿದ್ದರು.

ಮಗನ ಮಾತಿನಲ್ಲಿ ಮೂರು ವಾದಗಳಿವೆ. ಇವು ಆ ಒಂದು ಮನೆಯವಲ್ಲ. ಇಂದು ನಮ್ಮ ಅನೇಕ ಮನೆಗಳಲ್ಲಿ ಕೇಳಿಬರುವವು. ಆದುದರಿಂದ ಒಂದೊಂದನ್ನೇ ವಿಚಾರಿಸೋಣ.

ಮೊದಲನೆಯದು ಹೆಸರಿನ ವಾದ. ಮಗನ ಸ್ವಂತ ಸಂಪಾದನೆ ಮಗನದೇ. ಅವನ ಸೊತ್ತೆಲ್ಲ ತಂದೆಯ ವ್ರತದ ಲೆಕ್ಕಕ್ಕೆ ಬರುವುದಿಲ್ಲ. ಕಾರು ಬೆಂಗಳೂರಿನಲ್ಲಿದ್ದು ಅವನ ಉಪಯೋಗಕ್ಕೇ ಇದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಅದು ನಿಲ್ಲುವುದು ತಂದೆಯ ಅಂಗಳದಲ್ಲಿ, ಸಾಗುವುದು ತಂದೆಯ ಕೆಲಸಕ್ಕೆ, ಬರುವುದು ತಂದೆಯ ಜಾಮೀನಿನಿಂದ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಈ ಮೂರನ್ನೂ ನಮ್ಮ ಆಚಾರಶಾಸ್ತ್ರ ಒಟ್ಟಿಗೆ ತೂಗುತ್ತದೆ. ಉಮಾಸ್ವಾಮಿ ಆಚಾರ್ಯರಂತೂ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ವಸ್ತುವಿನ ಮೇಲಣ ಮಮತೆಯಲ್ಲಿಯೇ ಕಂಡರು. ಹೆಸರು ಕಾಗದದ ಮೇಲಿನದು. ಉಪ್ಪುಗಾಳಿಗೆ ಬಣ್ಣ ಕೆಟ್ಟೀತೆಂದು ರಾತ್ರಿ ಎದ್ದು ಹೊದಿಕೆ ಸರಿಪಡಿಸುವವನು ಯಾರೋ, ವಸ್ತು ಅವನದು.

ಎರಡನೆಯದು ಸಾಲದ ವಾದ. ಸಾಲದಿಂದ ಕೊಂಡ ಕಾರಿನ ನೋಂದಣಿ ಪತ್ರದಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ದಾಖಲಾಗುವುದೂ, ಕೊನೆಯ ಕಂತು ಸಂದ ಮೇಲೆ ಅದನ್ನು ತೆಗೆಸುವುದೂ ನಿಜ. ಆದರೆ 1988ರ ಮೋಟಾರು ವಾಹನಗಳ ಅಧಿನಿಯಮವು ಇಂಥ ವಾಹನದ ಮಾಲೀಕನೆಂದರೆ ಕರಾರಿನ ಮೇರೆಗೆ ಅದನ್ನು ತನ್ನ ವಶದಲ್ಲಿಟ್ಟುಕೊಂಡವನೇ ಎಂದು ವಿವರಿಸಿದೆ. ಲೌಕಿಕ ಕಾನೂನೇ ಒಪ್ಪದ ನೆಪವನ್ನು ವ್ರತಿಯು ತನ್ನ ಅಂತಃಕರಣದ ಮುಂದೆ ಹೇಗೆ ಇಟ್ಟಾನು? ಸಾಲವು ಪರಿಗ್ರಹವನ್ನು ಕಡಮೆ ಮಾಡುವುದಿಲ್ಲ. ಇನ್ನೂ ಗಳಿಸದ ನಾಳೆಯ ದುಡಿಮೆಯನ್ನೂ ಇಂದಿನ ಪರಿಗ್ರಹಕ್ಕೆ ಸೇರಿಸುತ್ತದೆ, ಅಷ್ಟೇ.

ಮೂರನೆಯದು ಅಲ್ಪಹಿಂಸೆಯ ವಾದ. ಇದು ಗೌರವಕ್ಕೆ ಅರ್ಹವಾದುದು. ಆದುದರಿಂದ ತುಸು ವಿಸ್ತಾರವಾಗಿಯೇ ನೋಡಬೇಕು. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ಒಂದು ವಿದ್ಯುತ್ ಮೋಟಾರೂ ಬ್ಯಾಟರಿಯೂ ಇರುತ್ತವೆ. ಬ್ರೇಕು ಹಾಕಿದಾಗ ವ್ಯರ್ಥವಾಗುತ್ತಿದ್ದ ಶಕ್ತಿ ಬ್ಯಾಟರಿಗೆ ಸೇರುತ್ತದೆ. ನಿಧಾನವಾಗಿ ಸಾಗುವಾಗ ಮೋಟಾರೇ ಗಾಡಿಯನ್ನು ಎಳೆಯುತ್ತದೆ. ಹೊರಗಿನಿಂದ ವಿದ್ಯುತ್ ತುಂಬುವ ಅಗತ್ಯವಿಲ್ಲ. ಜಪಾನಿನಲ್ಲಿ 1997ರಲ್ಲಿ ಪ್ರಿಯಸ್ ಎಂಬ ಕಾರಿನಿಂದ ಬಳಕೆಗೆ ಬಂದ ಈ ವಿಧಾನ ನಮ್ಮ ರಾಜ್ಯದ ಬಿಡದಿಯಲ್ಲಿ 2022ರಿಂದ ತಯಾರಾಗುತ್ತಿರುವ ಹೈರೈಡರ್ ಕಾರಿನಲ್ಲಿಯೂ ಇದೆ. ಪರೀಕ್ಷೆಯಲ್ಲಿ ಅದರ ಹೈಬ್ರಿಡ್ ಮಾದರಿ ಲೀಟರಿಗೆ 27.97 ಕಿ.ಮೀ. ಸಾಗಿದರೆ, ಸಾಮಾನ್ಯ ಪೆಟ್ರೋಲ್ ಮಾದರಿ 21 ಕಿ.ಮೀ. ಆಸುಪಾಸು ಸಾಗುತ್ತದೆ. ನಿತ್ಯದ ರಸ್ತೆಯಲ್ಲಿ ಎರಡೂ ಇದಕ್ಕಿಂತ ಕಡಮೆಯೇ.

ಹೈಬ್ರಿಡ್ಡಿಗೆ ಅನುಕೂಲವಾಗಿಯೇ ಒಂದು ಲೆಕ್ಕ ಹಾಕೋಣ. ಸಾಮಾನ್ಯ ಕಾರು ಲೀಟರಿಗೆ 14 ಕಿ.ಮೀ., ಹೈಬ್ರಿಡ್ 21 ಕಿ.ಮೀ. ಕೊಟ್ಟಿತೆನ್ನೋಣ. ತಿಂಗಳಿಗೆ 600 ಕಿ.ಮೀ. ಸಾಗುವ ಮನೆಗೆ ವರ್ಷಕ್ಕೆ ಉಳಿಯುವುದು ಸುಮಾರು 171 ಲೀಟರು. ಲೀಟರಿಗೆ ನೂರು ರೂಪಾಯಿಯಂತೆ 17,100 ರೂಪಾಯಿ. ಹೈಬ್ರಿಡ್ಡಿನ ಬೆಲೆ ಮೂರು ಲಕ್ಷ ಹೆಚ್ಚೆಂದು ಹಿಡಿದರೆ ಆ ಹೆಚ್ಚಳ ಹಿಂದಿರುಗಲು ಹದಿನೇಳು ವರ್ಷಕ್ಕೂ ಮಿಗಿಲು ಬೇಕು. ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿಯೇ ಹದಿನೈದು ವರ್ಷ! ತಿಂಗಳಿಗೆ ಎರಡು ಸಾವಿರ ಕಿ.ಮೀ. ತಿರುಗುವ ವ್ಯಾಪಾರಿಗಾದರೆ ಐದಾರು ವರ್ಷಗಳಲ್ಲಿ ಹಿಂದಿರುಗೀತು. ಹಣದ ಮಾತು ಹೀಗಾಯಿತು. ಹಿಂಸೆಯ ಮಾತು ಬೇರೆ. ಸುಡದೆ ಉಳಿದ 171 ಲೀಟರೆಂದರೆ ಸುಮಾರು 390 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರದೆ ಉಳಿದಂತೆ. ಅಣೆಕಟ್ಟಿಲ್ಲದೆ ಹರಿದು ಬರುವ ಅಘನಾಶಿನಿಯ ಮುಖದಲ್ಲಿ, 2024ರಲ್ಲಿ ರಾಮ್ಸರ್ ತಾಣವೆಂದು ಘೋಷಿತವಾದ ಅಳಿವೆಯ ದಡದಲ್ಲಿ ವಾಸಿಸುವವರಿಗೆ ಇದರ ಬೆಲೆ ತಿಳಿಯದ ಸಂಗತಿಯಲ್ಲ. ಹಿಂಸೆಯನ್ನು ತಗ್ಗಿಸಲೆಂದು ತನ್ನ ಕೈಯ ಹಣವನ್ನು ಹೆಚ್ಚಾಗಿ ಕೊಡುವವನು ಪ್ರಶಂಸನೀಯನೇ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಖರ್ಚು ತಗ್ಗಿತೆಂಬ ಸಮಾಧಾನದಿಂದ ಅದೇ ಮನೆಯವರು ತಿಂಗಳಿಗೆ 600ರ ಬದಲು 900 ಕಿ.ಮೀ. ತಿರುಗಿದರೆ ಸುಡುವ ಪೆಟ್ರೋಲು ಮೊದಲಿನಷ್ಟೇ ಆಗುತ್ತದೆ. ಯಂತ್ರ ಮಿತವ್ಯಯಿಯಾದಂತೆ ಕಲ್ಲಿದ್ದಲಿನ ಬಳಕೆ ತಗ್ಗದೆ ಹೆಚ್ಚುವುದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿಯೇ ಬರೆದಿದ್ದನು. ನಮ್ಮ ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ತಿರುಗುವುದನ್ನೂ ತಿರುಗಿಸುವುದನ್ನೂ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಹಿಂಸೆಯನ್ನು ತಗ್ಗಿಸುವುದು ಗಾಡಿಯಲ್ಲ, ಗಾಡಿಯ ಯಜಮಾನನ ನಿಯಮ. ದಿಗ್ವ್ರತದ ಮೇರೆಗಳಿಗೆ ಆಚಾರ್ಯರು ಹೇಳಿದ ಗುರುತುಗಳು ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನ. ತದಡಿಯಲ್ಲಿ ನಿಂತವನಿಗೆ ಮೊದಲ ಎರಡು ಗುರುತುಗಳೂ ಕಣ್ಣೆದುರಿನಲ್ಲೇ ಇವೆ! ಬಾರ್ಜಿನಲ್ಲಿ ಹೊಳೆ ದಾಟಿ ಮುಗಿಸಬಹುದಾದ ಕುಮಟೆಯ ಕೆಲಸಕ್ಕೆ, ಅಂಗಳದಲ್ಲಿ ಕಾರು ನಿಂತಿದೆಯೆಂಬ ಒಂದೇ ಕಾರಣದಿಂದ ಸುತ್ತುಬಳಸಿ ಹೆದ್ದಾರಿ ಹಿಡಿಯುವುದು ಯಾವ ಲೆಕ್ಕದ ಉಳಿತಾಯ?

ಇಷ್ಟನ್ನು ಹೇಳಿದ ಮೇಲೂ ಮುಖ್ಯವಾದ ಮಾತು ಉಳಿದಿದೆ. ಪರಿಗ್ರಹ ಪರಿಮಾಣವ್ರತಕ್ಕೆ ಸಮಂತಭದ್ರರು ಹೇಳಿದ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಮೊದಲನೆಯದೂ ಕೊನೆಯದೂ ವಾಹನಕ್ಕೇ ಸಂಬಂಧಿಸಿದವು ಎಂಬುದನ್ನು ವಾಚಕರು ಗಮನಿಸಬೇಕು. ಎತ್ತುಗಳು ಸುಖವಾಗಿ ಸಾಗುವಷ್ಟು ದಾರಿಗಿಂತ ಆಚೆಗೆ ಅವುಗಳನ್ನು ಲೋಭದಿಂದ ಹೊಡೆಯುವುದು ಅತಿವಾಹನ. ಲೋಭದಿಂದಲೇ ಹೆಚ್ಚು ಭಾರ ಹೇರುವುದು ಅತಿಭಾರವಹನ ಎಂದು ಟೀಕಾಕಾರ ಪ್ರಭಾಚಂದ್ರರ ವಿವರಣೆಯ ತಾತ್ಪರ್ಯ. ಹೆಚ್ಚು ಭಾರ ಹೇರುವುದನ್ನು ಆಚಾರ್ಯರು ಅಹಿಂಸಾಣುವ್ರತದ ಅತಿಚಾರಗಳಲ್ಲಿಯೂ ಹೇಳಿದ್ದಾರೆ. ಒಂದೇ ದೋಷವನ್ನು ಎರಡು ಕಡೆ ಏಕೆ ಹೇಳಿದರು? ಹೊರುವವನ ಕಡೆಯಿಂದ ನೋಡಿದರೆ ಅದು ಹಿಂಸೆ. ಹೇರುವವನ ಕಡೆಯಿಂದ ನೋಡಿದರೆ ಅದೇ ಲೋಭ. ಎರಡೂ ಒಂದೇ ಹೊರೆಯ ಎರಡು ಮುಖಗಳು.

ಇಂದಿನ ಬಂಡಿಗೆ ಎತ್ತಿಲ್ಲ. ಹಾಗಾದರೆ ಹೊರೆ ಹೊರುವವನು ಯಾರು? ಕಂತು ಕಟ್ಟುವವನು. ಶೇಕಡಾ 9ರ ಬಡ್ಡಿಯಲ್ಲಿ ಹತ್ತು ಲಕ್ಷಕ್ಕೆ ಏಳು ವರ್ಷ ತಿಂಗಳಿಗೆ ಸುಮಾರು 16,090 ರೂಪಾಯಿ. ಒಟ್ಟು ಬಡ್ಡಿ ಮೂರೂವರೆ ಲಕ್ಷಕ್ಕೆ ಸಮೀಪ. ಆ ಎಂಬತ್ತನಾಲ್ಕು ತಿಂಗಳಲ್ಲಿ ನೌಕರಿ ಬದಲಾದೀತು, ಮದುವೆಯಾದೀತು, ಮಕ್ಕಳಾದಾರು, ಕಾಯಿಲೆ ಬಂದೀತು. ನೊಗ ಮಾತ್ರ ಕೆಳಗಿಳಿಯುವುದಿಲ್ಲ. ಆದುದರಿಂದ ಗಾಡಿ ಯಾರ ಹೆಸರಿನಲ್ಲಿದೆ ಎಂದು ಕೇಳುವುದಕ್ಕಿಂತ, ಭಾರ ಯಾರ ಹೆಗಲ ಮೇಲಿದೆ, ಆ ಹೆಗಲು ಸುಖವಾಗಿ ಎಷ್ಟು ದೂರ ಹೊತ್ತೀತು ಎಂದು ಕೇಳುವುದೇ ವ್ರತಿಗೆ ಯೋಗ್ಯವಾದ ಪ್ರಶ್ನೆ. ಜಾಮೀನಿನ ಸಹಿ ಮಗನಿಗೆ ಮಾಡುವ ಉಪಕಾರವೋ, ಅವನ ಹೆಗಲಿಗೆ ತಾನೂ ಕೈಹಚ್ಚಿ ಏರಿಸುವ ಹೊರೆಯೋ ಎಂಬುದು ಅಲ್ಲಿ ನಿರ್ಣಯವಾಗುತ್ತದೆ.

ಹೊರಬಲ್ಲೆನೇ ಎಂದು ಹೊರುವ ಮೊದಲೇ ತಿಳಿಯುವ ಉಪಾಯ ನಮ್ಮ ಮನೆಗಳಲ್ಲಿ ಹೊಸದಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಊಟ ಬಿಡುವವನಿಗೆ ಅನ್ನದ ಅಭಾವವಿಲ್ಲ. ಇದ್ದುದನ್ನು ಕಾಲಮಿತಿಯಿಂದ ತ್ಯಜಿಸಿ ತನ್ನ ಶಕ್ತಿಯನ್ನೂ ಆಸೆಯನ್ನೂ ಅವನು ಅಳೆದುಕೊಳ್ಳುತ್ತಾನೆ. ಆಚಾರ್ಯರು ಇಂದು, ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ನಿಶ್ಚಯಿಸಿ ಬಿಡುವ ವಸ್ತುಗಳನ್ನು ಎಣಿಸುವಾಗ ಭೋಜನದ ಒಡನೆಯೇ ವಾಹನವನ್ನು ಹೆಸರಿಸಿದ್ದಾರೆ. ಸಾಲವಾದರೋ ಉಪವಾಸಕ್ಕೆ ತೀರ ವಿರುದ್ಧವಾದುದು. ನಾಳಿನ ಅನ್ನವನ್ನು ಇಂದೇ ಉಣ್ಣುವುದು.

ಆ ಶ್ರಾವಕರಿಗೆ ನಾನು ಹೇಳಿದುದು ಇಷ್ಟೇ. ಸಹಿಯನ್ನು ನಿರಾಕರಿಸಬೇಡಿ, ಈಗಲೇ ಮಾಡಲೂ ಬೇಡಿ. ಒಂದು ವರ್ಷದ ನಿಯಮ ಹಿಡಿಯಿರಿ. ಬ್ಯಾಂಕಿಗೆ ಕಟ್ಟಬೇಕಾಗಿದ್ದ ಕಂತನ್ನು ತಿಂಗಳು ತಪ್ಪದೆ ಮಗ ತನ್ನ ಉಳಿತಾಯದ ಖಾತೆಗೇ ಕಟ್ಟಲಿ. ದಾನವನ್ನೂ ಮನೆಯ ಊಟವನ್ನೂ ಮೊಟಕುಗೊಳಿಸದೆ ಹನ್ನೆರಡು ಕಂತು ಸಂದರೆ ಹೊರೆ ಹೆಗಲಿಗೆ ತಕ್ಕುದೆಂದು ತಿಳಿದೀತು. ಸಲ್ಲದಿದ್ದರೆ ಯಾರ ಸಾಲವೂ ಇಲ್ಲದೆ ಅದೇ ತಿಳಿವಳಿಕೆ ದೊರೆತೀತು. ವರ್ಷಾಂತ್ಯಕ್ಕೆ ಒಂದು ಲಕ್ಷ ತೊಂಬತ್ತಮೂರು ಸಾವಿರ ಕೂಡುತ್ತದೆ. ಉಳಿದ ಎಂಟು ಲಕ್ಷ ಚಿಲ್ಲರೆಯನ್ನು ಹೆಚ್ಚುಕಡಮೆ ಅದೇ ಕಂತಿನಲ್ಲಿ, ಏಳರ ಬದಲು ಐದೇ ವರ್ಷಗಳಲ್ಲಿ ತೀರಿಸಬಹುದು. ಬಡ್ಡಿಯಲ್ಲಿ ಒಂದೂವರೆ ಲಕ್ಷ ಉಳಿಯುತ್ತದೆ. ಕಾರಿನ ಬೆಲೆ ಅಷ್ಟರಲ್ಲಿ ಸ್ವಲ್ಪ ಏರಿದರೂ ನಷ್ಟವಿಲ್ಲ. ತಾಯಿಯ ವಯಸ್ಸು ಮಾತ್ರ ಕಾಯುವುದಿಲ್ಲ. ಆದುದರಿಂದ ಚಿಕಿತ್ಸೆಗೂ ಸೋಂದೆ ಗೇರುಸೊಪ್ಪೆಗಳ ದರ್ಶನಕ್ಕೂ ಈ ವರ್ಷ ಬಾಡಿಗೆಯ ಕಾರು ಮಾಡಿ. ಮುಂದೆ ಕಾರು ಬಂದ ದಿನ ಸ್ಕೂಟರನ್ನು ಮನೆಯಿಂದ ಹೊರಡಿಸಿ, ವಾಹನ ಒಂದೇ ಎಂಬ ಮಾತನ್ನು ಉಳಿಸಿಕೊಳ್ಳಿ. ಹೈಬ್ರಿಡ್ಡೋ ಸಾಮಾನ್ಯವೋ ಎಂಬುದನ್ನು ತಿಂಗಳಿಗೆ ನಿಜವಾಗಿ ಸಾಗಬೇಕಾದ ದಾರಿಯನ್ನು ಬರೆದಿಟ್ಟುಕೊಂಡು ಆಗ ತೀರ್ಮಾನಿಸಿ.

ಅವರು ಬಹಳ ಹೊತ್ತು ಸುಮ್ಮನಿದ್ದು, “ಮಗ ಒಪ್ಪುತ್ತಾನೋ ಇಲ್ಲವೋ ತಿಳಿಯದು, ಕೇಳಿ ನೋಡುತ್ತೇನೆ” ಎಂದರು. ದೀಪಾವಳಿಯ ಹೊತ್ತಿಗೆ ಅವರಿಂದ ಪತ್ರ ಬಂದಿತು. ಎರಡು ಕಂತು ಖಾತೆಗೆ ಸಂದಿವೆ. ತಾಯಿಗೆ ಗೇರುಸೊಪ್ಪೆಯ ದರ್ಶನವಾಯಿತು. ಜಾಮೀನಿನ ಕಾಗದ ಇನ್ನೂ ಪೆಟ್ಟಿಗೆಯಲ್ಲಿಯೇ ಇದೆ.