ಮೊದಲು ಹೇಳಿದವನ ಮಾತು

ಆಲ್‌ಫ್ರೆಡ್ ಹಿಚ್‌ಕಾಕ್ 1950ರಲ್ಲಿ ತೆಗೆದ ‘ಸ್ಟೇಜ್ ಫ್ರೈಟ್’ ಸಿನಿಮಾ ಓಡುವ ಕಾರಿನಲ್ಲಿ ಶುರುವಾಗುತ್ತದೆ. ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುವ ಜೋನಾಥನ್, ತನ್ನ ಗೆಳತಿ ಈವ್‌ಗೆ ನಡೆದದ್ದನ್ನು ಹೇಳತೊಡಗುತ್ತಾನೆ. ಶಾರ್ಲೆಟ್ ಎಂಬ ನಟಿ ಗಂಡನನ್ನು ಕೊಂದು, ರಕ್ತದ ಕಲೆಯಾದ ಉಡುಪಿನಲ್ಲೇ ತನ್ನ ಮನೆಗೆ ಬಂದಳು ಎನ್ನುತ್ತಾನೆ. ಅವನ ದನಿಯ ಬೆನ್ನಿಗೇ ದೃಶ್ಯ ತೆರೆದುಕೊಳ್ಳುತ್ತದೆ. ಕೊಂದವನು ಜೋನಾಥನ್ನೇ, ನಾವು ಕಂಡ ಫ್ಲ್ಯಾಶ್‌ಬ್ಯಾಕ್ ಸುಳ್ಳು ಎಂದು ತಿಳಿಯುವುದು ಕೊನೆಯಲ್ಲಿ.

ಅನೇಕರು ಇದನ್ನು ಮೋಸವೆಂದರು. ಮುಂದೆ ಫ್ರಾಂಸ್ವಾ ಟ್ರುಫೋ ಜೊತೆ ಮಾತಾಡುವಾಗ ಹಿಚ್‌ಕಾಕ್ ಕೂಡ ಇದು ತಾನು ಮಾಡಬಾರದಿದ್ದ ಕೆಲಸವೆಂದು ಒಪ್ಪಿಕೊಂಡರು. ಆದರೆ ಅವರು ನಮಗೆ ಹೇಳಿದ ಸುಳ್ಳಾದರೂ ಯಾವುದು? ಮಾತಾಡುತ್ತಿರುವವನು ಆರೋಪ ಹೊತ್ತವನೆಂಬುದನ್ನು ಅವರು ಮುಚ್ಚಿಡಲಿಲ್ಲ. ದೃಶ್ಯ ಬಂದೊಡನೆ ಅದನ್ನು ಮರೆತವರು ನಾವು. ಕಿವಿಗೆ ಬಿದ್ದದ್ದನ್ನು ಅನುಮಾನಿಸುವ ನಾವು, ಕಣ್ಣಿಗೆ ಬಿದ್ದದ್ದನ್ನು ನಂಬಿಬಿಡುತ್ತೇವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಸಿನಿಮಾ ಹುಟ್ಟುವ ಮೊದಲೇ ಇದನ್ನು ಅರಿತಿತ್ತು.

ಅದೇ ವರ್ಷ ಬಂದ ಅಕಿರ ಕುರೊಸಾವಾರ ‘ರಾಶೊಮಾನ್’ನಲ್ಲಿ ಒಂದೇ ಸಾವನ್ನು ನಾಲ್ವರು ನಾಲ್ಕು ಬಗೆಯಲ್ಲಿ ಹೇಳುತ್ತಾರೆ. ಎಲ್ಲವೂ ನಿಜವಾಗಿರಲು ಸಾಧ್ಯವಿಲ್ಲ. ಆದರೂ ನಮಗೆ ಮೋಸಹೋದೆವೆಂದು ಅನ್ನಿಸುವುದಿಲ್ಲ. ಒಬ್ಬನ ಮಾತಿಗೆ ಎದುರಾಗಿ ಇನ್ನೊಬ್ಬರ ಮಾತು ಅಲ್ಲಿದೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಈ ಎಚ್ಚರವನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ: ಇದು ನಡೆದಂತೆ ಅಲ್ಲ, ಕಂಡಂತೆ, ಅದೂ ಉಳಿದವರು ಕಂಡಂತೆ.

ಹಾಗಾದರೆ ‘ಸ್ಟೇಜ್ ಫ್ರೈಟ್’ನಲ್ಲಿ ಅನ್ಯಾಯವಾದದ್ದು ಯಾರಿಗೆ? ಪ್ರೇಕ್ಷಕರಿಗಿಂತ ಹೆಚ್ಚಾಗಿ ಶಾರ್ಲೆಟ್‌ಗೆ. ಆ ಪಾತ್ರದಲ್ಲಿ ಮಾರ್ಲೀನ್ ಡೀಟ್ರಿಚ್ ಅತ್ತರೂ ನಕ್ಕರೂ ನಮಗೆ ಕೊಲೆಗಾತಿಯ ನಟನೆಯೇ ಕಾಣುತ್ತದೆ. ಆಕೆ ಪೂರ್ತಿ ನಿರಪರಾಧಿಯೇನಲ್ಲ, ನಿಜ. ಆದರೆ ಆಕೆ ಬಾಯಿ ತೆರೆಯುವ ಮುನ್ನವೇ ನಾವು ತೀರ್ಪು ಕೊಟ್ಟಾಗಿತ್ತು.

ಸಿನಿಮಾದ ಆಚೆಗೂ ನಡೆಯುವುದು ಇದೇ. ಆಸ್ತಿ ಪಾಲಿನ ಜಗಳವಿರಲಿ, ಮುರಿದ ಮದುವೆಯಿರಲಿ, ಮೊದಲು ಬಂದು ಹೇಳಿದವರ ಮಾತು ನಮ್ಮೊಳಗೆ ದೃಶ್ಯವಾಗಿ ಕೂತುಬಿಡುತ್ತದೆ. ಆಮೇಲೆ ಬಂದವರು ಏನು ಹೇಳಿದರೂ ಅದು ಬರೀ ಸಮಜಾಯಿಷಿ ಅನ್ನಿಸುತ್ತದೆ. ಮೊದಲಿನವರು ಸುಳ್ಳೇ ಹೇಳಬೇಕೆಂದಿಲ್ಲ, ಮೊದಲು ಹೇಳಿದರೆ ಸಾಕು.

ಈವ್ ನಂಬಿದ್ದು ಜೋನಾಥನ್‌ನ ಮೇಲಿನ ಪ್ರೀತಿಯಿಂದ. ನಮಗೆ ಆ ನೆಪವೂ ಇರಲಿಲ್ಲ. ಹಿಚ್‌ಕಾಕ್ ತಪ್ಪೆಂದುಕೊಂಡ ಆ ಆರಂಭವನ್ನು ನಾನು ಸಮರ್ಥಿಸುವುದು ಇದಕ್ಕೇ. ಎರಡನೆಯವರ ಮಾತು ಕೇಳುವ ತನಕ ತೀರ್ಪನ್ನು ತಡೆದಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಅದು ನಮ್ಮ ಮೇಲೇ ಪ್ರಯೋಗ ಮಾಡಿ ತೋರಿಸುತ್ತದೆ.