ಮನೆ ನೋಡಿಕೊಳ್ಳುವ ಗಂಡ

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಗಂಡಸು ಹೊರಗೆ ಹೋಗಿ ದುಡಿಯಬೇಕು, ಹೆಂಗಸು ಮನೆ ನೋಡಿಕೊಳ್ಳಬೇಕು ಎಂಬುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಪ್ರಶ್ನಿಸಬೇಕೆಂದೇ ಅನ್ನಿಸುವುದಿಲ್ಲ. ಆದರೆ ಕೆಲವೊಮ್ಮೆ ಬದುಕೇ ಆ ಪ್ರಶ್ನೆಯನ್ನು ನಮ್ಮ ಹೊಸಿಲಿಗೆ ತಂದು ನಿಲ್ಲಿಸುತ್ತದೆ.

ಜನ ಈಗಲೂ ಕೆ.ಎಂ. ದೊಡ್ಡಿ ಎಂದು ಕರೆಯುವ ಭಾರತೀನಗರದ ಸುತ್ತಿನ ಹಳ್ಳಿಯ ಒಂದು ಕುಟುಂಬ. ಹೆಸರು ಬೇಡ. ಮದ್ದೂರು, ಮಳವಳ್ಳಿ ಕಡೆಯ ಊರುಗಳಲ್ಲಿ ಬೆಳಗಾದರೆ ಹೆಣ್ಣುಮಕ್ಕಳು ಬುತ್ತಿ ಹಿಡಿದು ಗಾರ್ಮೆಂಟ್ ಬಸ್ಸಿಗೆ ಕಾಯುವುದು ಈಗ ಸಾಮಾನ್ಯ ದೃಶ್ಯ. ಈ ಮನೆಯ ಸೊಸೆಯೂ ಹಲವು ವರ್ಷಗಳಿಂದ ಆ ಬಸ್ಸು ಹತ್ತುತ್ತಿದ್ದಾಳೆ. ಗಂಡ ಬೆಂಗಳೂರಿನಲ್ಲಿ ಡ್ರೈವರ್. ಶನಿವಾರ ರಾತ್ರಿ ಬಂದು ಸೋಮವಾರ ಮುಂಜಾನೆ ಹೊರಡುತ್ತಿದ್ದ. ಇಬ್ಬರು ಮಕ್ಕಳನ್ನೂ ಎರಡು ಹಸುಗಳನ್ನೂ ನೋಡಿಕೊಳ್ಳುತ್ತಿದ್ದವರು ಅವನ ತಾಯಿ. ಒಂದು ದಿನ ಆಕೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮನೆಯೆಂಬ ಗಾಡಿಯ ಕೀಲೇ ಕಳಚಿತು.

ಗಂಡ ಹೆಂಡತಿ ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದರು. ರೂಮಿನ ಬಾಡಿಗೆ, ಹೋಟೆಲ್ ಊಟ, ಬಸ್ ಚಾರ್ಜು ಕಳೆದರೆ ಅವನ ಸಂಬಳದಲ್ಲಿ ಮನೆಗೆ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಅವಳ ಕೆಲಸಕ್ಕೆ ಪಿ.ಎಫ್. ಇತ್ತು, ಇ.ಎಸ್.ಐ. ಇತ್ತು. ಕೊನೆಗೆ ಕೆಲಸ ಬಿಟ್ಟವನು ಅವನು.

ಅಂದಿನಿಂದ ಊರಿಗೆ ಅವನೇ ಒಂದು ತಮಾಷೆ. “ಏನ್ಲಾ, ಹೆಂಡ್ತಿ ದುಡಿತಾವ್ಳೆ, ನೀನು ಮುದ್ದೆ ತಿರುವ್ತಿದ್ದೀಯಂತೆ?” ಎಂದು ಟೀ ಅಂಗಡಿಯಲ್ಲಿ ನಗು. ನಾನು ಅವರ ಮನೆಗೆ ಹೋದಾಗ ಅವನು ತಲೆ ತಗ್ಗಿಸಿ ಕೇಳಿದ: “ಫಾದರ್, ನಾನು ಮಾಡಿದ್ದು ಸರಿಯಾ?” ನಾನು ತಡಮಾಡದೆ, “ನಿನ್ನದು ದೊಡ್ಡ ತ್ಯಾಗ ಕಣಯ್ಯ” ಎಂದೆ. ಒಳ್ಳೆಯ ಉತ್ತರ ಕೊಟ್ಟೆನೆಂಬ ಸಮಾಧಾನವೂ ಆಯಿತು. ಆಗ ಮಂಚದ ಮೇಲಿದ್ದ ತಾಯಿ ಮೆಲ್ಲಗೆ ಹೇಳಿದರು: “ಸ್ವಾಮಿ, ನಾನು ಈ ಮನೇಲಿ ನಲವತ್ತು ವರ್ಸ ಮುದ್ದೆ ತಿರುವಿದೀನಿ. ಅದನ್ನ ಯಾರೂ ತ್ಯಾಗ ಅನ್ನಲಿಲ್ಲವಲ್ಲ?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಟೀ ಅಂಗಡಿಯವರು ಅವನನ್ನು ಹೀಯಾಳಿಸಿದರು, ನಾನು ಹೊಗಳಿದೆ. ಆದರೆ ಎರಡರ ಬೇರೂ ಒಂದೇ ಅಲ್ಲವೇ? ಮನೆಗೆಲಸ ಗಂಡಸಿನ ಘನತೆಗೆ ಕಡಿಮೆಯಾದದ್ದು ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ. ಕೆಳಗಿಳಿದನೆಂದು ಅವರು ನಕ್ಕರು. ಕೆಳಗಿಳಿಯಲು ಒಪ್ಪಿದನೆಂದು ನಾನು ಮೆಚ್ಚಿದೆ. ಆ ಕೆಲಸವನ್ನು ಜೀವಮಾನವಿಡೀ ಮಾಡಿದ ತಾಯಿಯನ್ನು ಇಬ್ಬರೂ ಕೆಳಗೇ ಇಟ್ಟೆವು.

ಈ ತಪ್ಪು ಇಂದಿನದಲ್ಲ. ಮನೆವಾರ್ತೆಯಲ್ಲಿ ಗಳಿಸುವುದು ಗಂಡಸಿನ ಪಾಲು, ಗಳಿಸಿದ್ದನ್ನು ಕಾಪಾಡುವುದು ಹೆಂಗಸಿನ ಪಾಲು ಎಂದು ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದಲ್ಲಿ ಹಂಚಿಟ್ಟ. ಸೆಮಿನರಿಯಲ್ಲಿ ಇದನ್ನು ಓದುವಾಗ ನಮಗ್ಯಾರಿಗೂ ಏನೂ ಅನ್ನಿಸಿರಲಿಲ್ಲ. ನಮ್ಮ ಊಟವನ್ನು ಆಗಲೂ ಬೇರೆಯವರು ಬೇಯಿಸುತ್ತಿದ್ದರು, ಈಗಲೂ ಬೇರೆಯವರೇ ಬೇಯಿಸುತ್ತಾರೆ. ಬೇಯಿಸದವನಿಗೆ ಅಡಿಗೆ ತಾನಾಗಿಯೇ ಆಗುವಂತೆ ಕಾಣುತ್ತದೆ.

ನಮ್ಮ ದೇಶದ ಲೆಕ್ಕವನ್ನೇ ನೋಡಿ. ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸರ್ಕಾರ 2019ರಲ್ಲಿ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ದಿನಕ್ಕೆ ಸ್ವಲ್ಪವಾದರೂ ತೊಡಗಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಹೀಗೆ ತೊಡಗಿದವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ, ಗಂಡಸರು 97 ನಿಮಿಷ. ಐದು ಗಂಟೆಯ ಈ ದುಡಿಮೆಗೆ ಹೆಸರೇನು? 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆಗೆ ದುಡಿಯದವರ ಪಟ್ಟಿಗೆ ಸೇರಿಸಲಾಗಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟುವಾಗಿ ಟೀಕಿಸಿತು. ಗೃಹಿಣಿಯ ದುಡಿಮೆಗೆ ಬೆಲೆಯಿದೆ, ಅಪಘಾತದ ಪರಿಹಾರದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು ಎಂದು 2021ರ ಜನವರಿಯಲ್ಲಿ ಮತ್ತೆ ಸಾರಿತು. ಸತ್ತ ಮೇಲೆ ಕೋರ್ಟು ಕಟ್ಟುವ ಬೆಲೆಯನ್ನು, ಬದುಕಿರುವಾಗಲೇ ಮನೆಯವರು ಕಟ್ಟಬಾರದೇ?

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹೆಂಡತಿಗೆ ನೆರವಾಗುವುದು ಬೇರೆ, ಮನೆಯ ಹೊಣೆ ಹೊರುವುದು ಬೇರೆ. ನೆರವಾಗುವವನು ಕರೆದಾಗ ಬರುತ್ತಾನೆ, ಮುಗಿಸಿ ಕೈತೊಳೆದುಕೊಳ್ಳುತ್ತಾನೆ. ಹೊಣೆ ಹೊತ್ತವನಿಗೆ ಯಾರೂ ನೆನಪಿಸುವವರಿಲ್ಲ. ಹಿಟ್ಟು ಮುಗಿಯುವ ಮೊದಲೇ ರಾಗಿ ಮಿಲ್ಲಿಗೆ ಹೋಗಬೇಕು. ತಾಯಿಯ ಮಾತ್ರೆ ಎಷ್ಟು ಉಳಿದಿವೆ, ಮಗಳ ಫೀಸಿಗೆ ಕೊನೆಯ ದಿನ ಯಾವುದು, ಡೇರಿಗೆ ಹಾಲು ಎಷ್ಟು ಹೊತ್ತಿಗೆ ತಲುಪಬೇಕು ಎಂಬುದೆಲ್ಲ ತಲೆಯಲ್ಲಿ ಇರಬೇಕು. ಆ ಗೆಳೆಯ ನನಗೆ ಹೇಳಿದ: “ಮುದ್ದೆಯಲ್ಲಿ ಗಂಟಾಗದ ಹಾಗೆ ತಿರುವುವುದನ್ನು ಹದಿನೈದು ದಿನದಲ್ಲಿ ಕಲಿತೆ ಫಾದರ್. ಆದರೆ ಮರೆಯದೆ ಇರುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು.”

ಅವನು ಕಲಿತ ಇನ್ನೊಂದು ಪಾಠ ಹೆಚ್ಚು ಕಠಿಣವಾದದ್ದು. ಕ್ಷೌರಕ್ಕೆ ಹೋಗಲು ಹೆಂಡತಿಯ ಹತ್ತಿರ ದುಡ್ಡು ಕೇಳಬೇಕಾಗಿ ಬಂದಾಗ ಅವನ ನಾಲಿಗೆ ಹೊರಳಲಿಲ್ಲ. ಎರಡು ವಾರ ಹಾಗೇ ಗಡ್ಡ ಬಿಟ್ಟುಕೊಂಡು ತಿರುಗಿದ. ಆಮೇಲೆ ಹೊಳೆಯಿತಂತೆ, ತನ್ನ ತಾಯಿ ಸೀರೆಗೂ ಸಂತೆಗೂ ತಂದೆಯ ಮುಂದೆ ಹೀಗೆಯೇ ನಿಂತಿದ್ದರು ಎಂದು. ಕೈಚಾಚುವ ನಾಚಿಕೆ ಗಂಡಸಿಗೊಂದು ಹೆಂಗಸಿಗೊಂದು ಇರುವುದಿಲ್ಲ. ಆದುದರಿಂದ ಇಂಥ ಮನೆಯಲ್ಲಿ ಸಂಬಳ ತಂದವರ ದುಡ್ಡು ಎಂಬ ಮಾತೇ ಇರಬಾರದು. ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲಿರಲಿ, ಲೆಕ್ಕ ಇಬ್ಬರಿಗೂ ತಿಳಿದಿರಲಿ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಮಹಿಳೆಯನ್ನೇ ರೇಷನ್ ಕಾರ್ಡಿನ ಯಜಮಾನಿಯನ್ನಾಗಿ ಮಾಡಿತು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಕೂಡ ಯಜಮಾನಿಯ ಖಾತೆಗೇ ಸೇರುವಂತೆ ಆಯಿತು. ಕಾನೂನು ಇಷ್ಟು ದೂರ ಬಂದಿರುವಾಗ ನಮ್ಮ ಮನಸ್ಸು ಹಿಂದುಳಿಯಬೇಕೇ?

ಹಾಗೆಂದು ಎಲ್ಲ ಗಂಡಸರೂ ಕೆಲಸ ಬಿಟ್ಟು ಮನೆಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಒಬ್ಬರ ಸಂಬಳದ ಮೇಲೆ ನಿಂತ ಮನೆ ಒಂಟಿ ಕಂಬದ ಮೇಲಿನ ಚಪ್ಪರ. 2020ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಗಾರ್ಮೆಂಟ್ ಕಾರ್ಖಾನೆಯೊಂದು ಕೆಲಸ ನಿಲ್ಲಿಸಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ವಾರಗಟ್ಟಲೆ ಧರಣಿ ಕುಳಿತದ್ದು ನೆನಪಿರಬಹುದು. ಆದ್ದರಿಂದ ಲೆಕ್ಕ ನೋಡದೆ ಕೆಲಸ ಬಿಡುವುದು ವಿವೇಕವಲ್ಲ. ಇನ್ನೊಂದು ಎಚ್ಚರವೂ ಬೇಕು. ಹೆಂಡತಿ ತಂದ ಸಂಬಳವನ್ನು ಹೆಂಡದಂಗಡಿಗೆ ಸುರಿದು ಜಗಲಿಯ ಮೇಲೆ ಮಲಗುವವನೂ ಮನೆಯಲ್ಲೇ ಇರುತ್ತಾನೆ. ಅವನು ಮನೆಯಲ್ಲಿರುವ ಗಂಡನೇ ಹೊರತು ಮನೆ ನೋಡಿಕೊಳ್ಳುವ ಗಂಡನಲ್ಲ. ಗಾರ್ಮೆಂಟಿನಿಂದ ದಣಿದು ಬಂದವಳು ಮತ್ತೆ ಒಲೆ ಹಚ್ಚಬೇಕಾದರೆ ಅಲ್ಲಿ ಬದಲಾದದ್ದು ಏನೂ ಇಲ್ಲ. ಹಾಗೆಯೇ ದುಡಿಯುವ ಹೆಂಡತಿಯೂ ಹಳೆಯ ಯಜಮಾನನ ಗತ್ತನ್ನು ತಾನು ತೊಡದಿರಲಿ. ಸಾರಿಗೆ ಉಪ್ಪು ಕಡಿಮೆಯೆಂದು ತಟ್ಟೆ ಸರಿಸುವುದು ಯಾರು ಮಾಡಿದರೂ ಒಂದೇ.

ನಮ್ಮ ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಮೌನವಾಗಿಲ್ಲ. ದುಡಿಮೆಯ ಘನತೆ ಬರುವುದು ಅದು ಎಂಥ ಕೆಲಸ ಎಂಬುದರಿಂದ ಮೊದಲಲ್ಲ, ಅದನ್ನು ಮಾಡುವವನು ಮನುಷ್ಯ ಎಂಬುದರಿಂದ ಎಂದು ಜಗದ್ಗುರು ಎರಡನೇ ಜಾನ್ ಪಾಲ್ 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಮನೆಯ ಭಾರ ಹೊತ್ತ ಹೆಂಗಸರಿಗೆ ಸ್ವಂತ ಮನೆಯವರಿಂದಲೂ ಮನ್ನಣೆ ಸಿಗದಿರುವುದನ್ನು ಅಲ್ಲೇ ನೆನೆದರು. ಮನೆಗೆಲಸವನ್ನೋ ಮಕ್ಕಳ ಪಾಲನೆಯನ್ನೋ ವಹಿಸಿಕೊಂಡ ಗಂಡ ಅದರಿಂದ ಕಡಿಮೆ ಗಂಡಸಾಗುವುದಿಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ ಎಂದು ಜಗದ್ಗುರು ಫ್ರಾನ್ಸಿಸ್ 2016ರಲ್ಲಿ ಕುಟುಂಬವನ್ನು ಕುರಿತು ಬರೆದಾಗ ಸ್ಪಷ್ಟಪಡಿಸಿದರು. ಇವೆಲ್ಲಕ್ಕಿಂತ ಮೊದಲು, ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯವಿದೆ. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು, ರಾತ್ರಿಯಿಡೀ ದುಡಿದು ಬಂದ ಶಿಷ್ಯರನ್ನು ಊಟಕ್ಕೆ ಕರೆಯುತ್ತಾರೆ. ಸಾವನ್ನು ಗೆದ್ದವರಿಗೆ ಒಲೆಯ ಮುಂದೆ ಕೂರುವುದು ಅವಮಾನವೆನಿಸಲಿಲ್ಲ. ಶಿಷ್ಯರೂ ಅದನ್ನು ತ್ಯಾಗವೆಂದು ಹೊಗಳುತ್ತ ನಿಲ್ಲಲಿಲ್ಲ. ಹಸಿದಿದ್ದರು, ಕುಳಿತು ಉಂಡರು.

ಈಚೆಗೆ ಆ ಮನೆಗೆ ಮತ್ತೆ ಹೋಗಿದ್ದೆ. ತಾಯಿ ಕೋಲೂರಿಕೊಂಡು ಅಂಗಳದವರೆಗೆ ನಡೆಯುತ್ತಾರೆ. ಅವನು ಬೆಂಗಳೂರಿಗೆ ಮರಳಿಲ್ಲ. ಟೀ ಅಂಗಡಿಯ ನಗು ಪೂರ್ತಿ ನಿಂತಿಲ್ಲವಂತೆ. ಅವನೀಗ ಅದಕ್ಕೆ ಉತ್ತರ ಕೊಡುವುದಿಲ್ಲ. ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಬರುತ್ತಾನೆ. “ನಾನು ಮಾಡಿದ್ದು ಸರಿಯಾ?” ಎಂದು ಈ ಸಲ ಅವನು ಕೇಳಲಿಲ್ಲ. ನಾನೂ ತ್ಯಾಗದ ಮಾತೆತ್ತಲಿಲ್ಲ. ಊಟ ಮಾಡಿ, ಸಾರು ಚೆನ್ನಾಗಿತ್ತು ಎಂದೆ. ತಾಯಿಯ ಕಡೆ ತಿರುಗಿ, “ನಿಮ್ಮ ಕೈರುಚಿಯೇ ಬಂದಿದೆ” ಎಂದೆ. ಅವರು ನಕ್ಕರು.

ಪ್ರಿಯ ಓದುಗರೇ, ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ತಟ್ಟೆಯನ್ನೊಮ್ಮೆ ನೋಡಿ. ಅದನ್ನು ತುಂಬಿದ ಕೈ ಗಂಡಸಿನದೋ ಹೆಂಗಸಿನದೋ ಎಂದು ಕೇಳಬೇಡಿ. ಆ ಕೈಗೆ ನಿಮ್ಮ ಮನೆಯಲ್ಲಿ ಬೆಲೆಯಿದೆಯೇ, ಬಿಡುವಿದೆಯೇ, ಬ್ಯಾಂಕಿನ ಖಾತೆಯಲ್ಲಿ ಹಕ್ಕಿದೆಯೇ ಎಂದು ಕೇಳಿಕೊಳ್ಳಿ. ಊಟವಾದ ಮೇಲೆ ನಿಮ್ಮ ತಟ್ಟೆಯನ್ನು ನೀವೇ ತೊಳೆದಿಡಿ.